ಇರಲಿ, ಬೇಡ, ಆಮೇಲೆ ನೋಡೋಣ

ಸಂಗೀತ ಕಚೇರಿ ನಡೆಯುವಾಗ ಫೋಟೊ ತೆಗೆಯುವವನಿಗೆ ಅಂಥ ಅಪಾಯವೇನೂ ಇರುವುದಿಲ್ಲ. ಕತ್ತಲಲ್ಲಿ ಯಾರದೋ ಕಾಲು ತುಳಿಯಬಹುದು, ಮೃದಂಗದವರ ಫ್ಲಾಸ್ಕು ಉರುಳಿಸಬಹುದು, ಅಷ್ಟೆ. ಅವಾಂತರಗಳು ಶುರುವಾಗುವುದು ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂತ ಮೇಲೆ. ತೆಗೆದದ್ದನ್ನು ಆರಿಸಬೇಕು, ತಿದ್ದಬೇಕು, ಕಳಿಸಬೇಕು. ಈ ಕೆಲಸವನ್ನು ಬೇಗ ಮುಗಿಸುವ ಉಪಾಯಗಳನ್ನು ನಾನು ಹುಡುಕತೊಡಗಿದ ಮೇಲೆ ಅವಾಂತರಗಳೂ ಬೇಗಬೇಗ ಆಗತೊಡಗಿದವು. ಒಂದೊಂದು ಉಪಾಯಕ್ಕೂ ಒಂದೊಂದು ನಗೆ ಸಿಕ್ಕಿದೆ. ಎಲ್ಲದಕ್ಕೂ ನಾನು ನಕ್ಕೆ ಎಂದು ಹೇಳಲಾರೆ.

೧. ಕೊಳಲಿನವರ ಗಡ್ಡ

ನಮ್ಮ ಮನೆ ಜಾಲಹಳ್ಳಿಯಲ್ಲಿ. ಸುತ್ತ ಕಾರ್ಖಾನೆಯಿಂದ ನಿವೃತ್ತರಾದವರ ಮನೆಗಳು. ಮಧ್ಯಾಹ್ನದ ಊಟವಾದ ಮೇಲೆ ನಮ್ಮ ಬೀದಿಯಲ್ಲಿ ಕಾಗೆ ಕೂಡ ಸ್ವಲ್ಪ ಮೆಲ್ಲಗೆ ಕೂಗುತ್ತದೆ. ವೈಟ್‌ಫೀಲ್ಡಿನ ಬ್ಯಾಂಡುಗಳು, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳ ವಾರ್ಷಿಕೋತ್ಸವ, ಪೀಣ್ಯದ ಗಣೇಶನ ಆರ್ಕೆಸ್ಟ್ರಾ, ಇವೆಲ್ಲ ನನ್ನ ಹೊಟ್ಟೆಪಾಡು. ಮನಸ್ಸಿಗೆ ಹತ್ತಿರದ್ದು ಮಾತ್ರ ನಮ್ಮ ಬಡಾವಣೆಯ ರಾಮನವಮಿ ಸಂಗೀತೋತ್ಸವ.

ಒಂದು ಕಚೇರಿಗೆ ಸಾವಿರದ ಲೆಕ್ಕದಲ್ಲಿ ಫೋಟೊ ತೆಗೆಯುತ್ತೇನೆ. ಕೊಡುವಂಥವು ಐವತ್ತು ಸಿಕ್ಕಿದರೆ ಹೆಚ್ಚು. ಆ ಐವತ್ತು ಸಿಗುವುದಕ್ಕೆ ಹಿಂದೆಲ್ಲ ವಾರಗಟ್ಟಲೆ ಹಿಡಿಯುತ್ತಿತ್ತು. ಏಕೆಂದರೆ ಆರಿಸುತ್ತಿದ್ದವನು ನಾನೊಬ್ಬನೇ ಅಲ್ಲ. ಸಂಜೆ ಅಡುಗೆಮನೆ ಕೆಲಸ ಮುಗಿಸಿ ಹೆಂಡತಿ ಪಕ್ಕದಲ್ಲಿ ಒಂದು ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು. ಮೂರು ರಾಶಿ ಮಾಡುತ್ತಿದ್ದೆವು. ಇರಲಿ, ಬೇಡ, ಆಮೇಲೆ ನೋಡೋಣ.

ಅವಳಿಗೆ ಬೆಳಕು, ಫೋಕಸ್ಸು ಇವುಗಳ ಗೊಡವೆಯಿಲ್ಲ. ಇದೇ ಬಡಾವಣೆಯಲ್ಲಿ ಹುಟ್ಟಿ ಬೆಳೆದವಳು. ವೇದಿಕೆಯ ಮೇಲಿರುವವರದ್ದೂ ಎದುರು ಕೂತವರದ್ದೂ ಮನೆ ಸಮಾಚಾರವೆಲ್ಲ ಗೊತ್ತು.

“ತಂಬೂರಿ ಹುಡುಗಿ ಆಕಳಿಸ್ತಿದ್ದಾಳೆ. ಬೇಡ. ಅವರಮ್ಮ ಇದನ್ನ ನೋಡಿದ್ರೆ ಮನೇಲಿ ರಾಮಾಯಣ ಆಗುತ್ತೆ.”

“ಪಿಟೀಲಿನವರು ಚೆನ್ನಾಗಿ ಬಂದಿದ್ದಾರಲ್ಲ.”

“ಅವರು ಬಂದ್ರೆ ಸಾಕಾ? ಹಿಂದೆ ನೋಡಿ, ಕಂಬದ ಪಕ್ಕ. ಆ ಇಬ್ಬರೂ ಮಾತು ಬಿಟ್ಟು ಎಷ್ಟು ವರ್ಷ ಆಯ್ತು. ಒಟ್ಟಿಗೆ ಕೂತಿದ್ದಾರೆ. ಇದು ಇರಲಿ. ಸ್ವಲ್ಪ ದೊಡ್ಡದು ಮಾಡಿ, ಏನೋ ಹೇಳ್ತಿರೋ ಹಾಗಿದೆ.”

ಹೀಗೆ ಒಂದು ಫೋಟೊ ದಾಟುವುದಕ್ಕೆ ಒಂದು ಲೋಟ ಕಾಫಿಯಷ್ಟು ಹೊತ್ತು ಬೇಕಾಗುತ್ತಿತ್ತು. ಮಿಕ್ಕಂತೆ ನಾವಿಬ್ಬರೂ ಹೆಚ್ಚು ಮಾತಿನವರಲ್ಲ. ಊಟಕ್ಕೆ ಕೂತರೆ ಉಪ್ಪು, ಮಜ್ಜಿಗೆ ಎನ್ನುವಷ್ಟರಲ್ಲಿ ಊಟ ಮುಗಿಯುತ್ತದೆ. ಮದುವೆಯಾದ ಮೇಲೆ ನಾವು ಆಡಿದ ಮಾತಿನ ಬಹುಪಾಲು ಆ ಮೂರು ರಾಶಿಗಳ ಮಧ್ಯೆಯೇ ಆಡಿದ್ದು. ಇದು ಆಗ ನನಗೆ ತಿಳಿದಿರಲಿಲ್ಲ. ಕೆಲಸ ನಿಧಾನವಾಗುತ್ತಿದೆ ಎನ್ನುವುದು ಮಾತ್ರ ತಿಳಿದಿತ್ತು.

ಉತ್ಸವದ ಕಾರ್ಯದರ್ಶಿಯವರಿಗೂ ಅದೇ ತಿಳಿದಿತ್ತು. ಅವರು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದು ನಿವೃತ್ತರಾದವರು. ದೋಸೆಯನ್ನೂ ಒಮ್ಮೆ ಬೆಳಕಿಗೆ ಹಿಡಿದು ನೋಡಿ ಆಮೇಲೆ ತಿನ್ನುವವರು. ಒಂದು ವರ್ಷ ಅಂತೂ ಇಂತೂ ಫೋಟೊಗಳನ್ನು ಮುಗಿಸಿ ಅವರ ಮನೆಗೆ ಒಯ್ದಾಗ, ಉತ್ಸವದಲ್ಲಿ ಕೊಳಲು ನುಡಿಸಿದ್ದವರೂ ಅಲ್ಲಿಗೆ ಬಂದಿದ್ದರು. ರಾಮನವಮಿಯಲ್ಲಿ ಅವರಿಗೆ ಎದೆಯವರೆಗೆ ಗಡ್ಡವಿತ್ತು. ನಡುವೆ ತಿರುಪತಿಗೆ ಹೋಗಿ ಬಂದಿದ್ದರು. ತಲೆ, ಗಡ್ಡ, ಮೀಸೆ ಮೂರನ್ನೂ ಒಪ್ಪಿಸಿಬಿಟ್ಟಿದ್ದರು. ಮೇಲಿದ್ದ ಫೋಟೊ ಕೈಗೆತ್ತಿಕೊಂಡು ಸ್ವಲ್ಪ ದೂರ ಹಿಡಿದು ನೋಡಿ, “ಗಾಂಭೀರ್ಯ ಇದೆ. ಯಾರು ಇವರು?” ಎಂದು ಕೇಳಿದರು.

ಕಾರ್ಯದರ್ಶಿ ನನ್ನನ್ನೇ ನೋಡುತ್ತ ಉತ್ತರ ಕೊಟ್ಟರು. “ಫೋಟೊ ತೆಗೆದಾಗ ನೀವೇ ಆಗಿದ್ರಿ.”

೨. ರಾಣಿ ಬಣ್ಣ

ಅದೇ ದಿನ ಗೇಟಿನವರೆಗೆ ಬಂದು ಕಾರ್ಯದರ್ಶಿ ಹೇಳಿದರು. “ಬೇರೆ ಕಡೆ ಎಲ್ಲ ಕಚೇರಿ ಮುಗಿದು ಜನ ಪ್ರಸಾದ ತಿನ್ನೋ ಹೊತ್ತಿಗೆ ಫೋಟೊ ಮೊಬೈಲಿಗೆ ಬಂದಿರುತ್ತೆ ಸಾರ್. ನಿಮ್ಮದು ಬರೋ ಹೊತ್ತಿಗೆ ಮನುಷ್ಯರೇ ಬದಲಾಗಿರ್ತಾರೆ. ಹೀಗೇ ಆದ್ರೆ ಕಮಿಟಿ ಬೇರೆಯವರನ್ನ ನೋಡುತ್ತೆ. ಬೇಜಾರು ಮಾಡ್ಕೋಬೇಡಿ.”

ಬೇಜಾರು ಮಾಡಿಕೊಂಡೇ ವೈಟ್‌ಫೀಲ್ಡಿನಲ್ಲಿರುವ ಸ್ನೇಹಿತನಿಗೆ ಫೋನು ಮಾಡಿದೆ. ಅವನೂ ಬ್ಯಾಂಡುಗಳ ಫೋಟೊ ತೆಗೆಯುವವನೇ.

“ಒಂದೊಂದನ್ನೂ ಕೂತು ತಿದ್ದುತೀಯಾ? ಯಾವ ಕಾಲದಲ್ಲಿದೀಯ ಗುರು? ಒಂದು ಸಲ ಬಣ್ಣ ಹೊಂದಿಸಿ ಇಟ್ಕೊ. ಆಮೇಲೆ ಬಟನ್ ಒತ್ತು. ಎಲ್ಲ ಫೋಟೊಗೂ ಒಂದೇ ಏಟಿಗೆ ಬಂದ್ಬಿಡುತ್ತೆ.”

ವೈಟ್‌ಫೀಲ್ಡಿನ ವೇದಿಕೆಗಳಲ್ಲಿ ಬೀಳುವುದು ಗುಲಾಬಿಗೂ ನೇರಳೆಗೂ ನಡುವಿನ ಒಂದು ಬೆಳಕು. ಅದರ ಕೆಳಗೆ ಯಾರು ನಿಂತರೂ ಬೀಟ್‌ರೂಟಿನ ಪಲ್ಯದಲ್ಲಿ ಹೊರಳಿ ಬಂದವರಂತೆ ಕಾಣುತ್ತಾರೆ. ಆ ಗುಲಾಬಿಯನ್ನೆಲ್ಲ ಹೀರಿ ತೆಗೆಯುವ ಹಾಗೆ ಒಂದು ಹೊಂದಿಕೆ ಮಾಡಿಟ್ಟುಕೊಂಡೆ. ಬಟನ್ ಒತ್ತಿದರೆ ಗಾಯಕರೆಲ್ಲ ಮರಳಿ ಮನುಷ್ಯರಾಗುತ್ತಿದ್ದರು. ಬಹಳ ಸಂತೋಷವಾಯಿತು. ಆ ಸಂತೋಷದಲ್ಲೇ ನಮ್ಮ ರಾಮನವಮಿಯ ಫೋಟೊಗಳಿಗೂ ಅದನ್ನೇ ಒತ್ತಿ, ಹೆಂಡತಿ ಬಂದು ಕೂರುವುದಕ್ಕೂ ಮೊದಲೇ ಕಳಿಸಿಬಿಟ್ಟೆ.

ನಮ್ಮ ಪೆಂಡಾಲಿನಲ್ಲಿ ಗುಲಾಬಿ ಬೆಳಕಿರಲಿಲ್ಲ. ಇದ್ದದ್ದು ಬಿಳಿ ಟ್ಯೂಬ್‌ಲೈಟು. ಹೀರುವುದಕ್ಕೆ ಬೇರೇನೂ ಸಿಗದೆ ಆ ಹೊಂದಿಕೆ ಗಾಯಕಿಯ ಸೀರೆಗೆ ಕೈಹಾಕಿತು. ಒಳ್ಳೆಯ ರಾಣಿ ಬಣ್ಣದ ರೇಷ್ಮೆ ಸೀರೆ ಒಲೆಯ ಬೂದಿಯ ಬಣ್ಣಕ್ಕೆ ತಿರುಗಿತು.

ಮಾರನೆಯ ವಾರ ಗಾಯಕಿ ಫೋನು ಮಾಡಿದರು. ಸೀರೆ ಅವರ ಅತ್ತೆ ತುಮಕೂರಿನಲ್ಲಿ ಆರಿಸಿ ಕೊಟ್ಟಿದ್ದಂತೆ. ಅತ್ತೆ ಫೋಟೊ ನೋಡಿ, ತಾನು ಕೊಟ್ಟ ಸೀರೆ ಉಡದೆ ಸೊಸೆ ಇನ್ಯಾವುದೋ ಉಟ್ಟು ಹಾಡಿದ್ದಾಳೆ ಎಂದು ಮಾತು ನಿಲ್ಲಿಸಿದ್ದಾರಂತೆ. ಅದೇ ಸೀರೆ ಎಂದು ಹೇಳಿದ್ದಕ್ಕೆ ಫೋನನ್ನೇ ಇಟ್ಟರಂತೆ. “ನೀವೇ ಒಂದು ಮಾತು ಹೇಳಿಬಿಡಿ ಸಾರ್.”

ಹಿರಿಯರ ಹತ್ತಿರ ತಪ್ಪು ಒಪ್ಪಿಕೊಳ್ಳುವುದು ನನಗೆ ಕಷ್ಟವಲ್ಲ. ಫೋನು ಮಾಡಿದೆ. ಆಕೆ ಸ್ವಲ್ಪ ಏದುಸಿರಲ್ಲಿದ್ದರು.

“ಈಗ ತಾನೇ ಅಂಗಡಿಯಿಂದ ಬಂದೆ ಕಣಪ್ಪ. ಅವಳು ಅದೇ ಸೀರೆ ಅಂತ ಪಟ್ಟು ಹಿಡಿದ್ಲಲ್ಲ, ಒಂದು ಸಲ ಉಟ್ಟಿದ್ದಕ್ಕೆ ಹಿಂಗೆ ಬಣ್ಣ ಹೋಗೋದಾ ಅಂತ ನಿಮ್ಮ ಫೋಟೊ ತೋರಿಸಿ ಅಂಗಡಿಯವನಿಗೆ ಚೆನ್ನಾಗಿ ಬೈದೆ. ಫೋಟೊ ನೋಡಿ ಅವನ ಮುಖನೂ ಅದೇ ಬಣ್ಣ ಆಯ್ತು. ಇನ್ನೊಂದು ಸೀರೆ ಕೊಟ್ಟ.”

“ಅಮ್ಮ, ಸೀರೇದು ತಪ್ಪಿಲ್ಲ. ತಪ್ಪು ನಂದು. ಈಗಲೇ ಬಣ್ಣ ಸರಿ ಮಾಡಿ ಕಳಿಸ್ಬಿಡ್ತೀನಿ.”

ಆ ಕಡೆ ಹೊಸ ಸೀರೆಯ ಕವರು ಸರಪರ ಎಂದಿತು.

“ಅಷ್ಟೊಂದು ಅವಸರ ಏನಿಲ್ಲಪ್ಪ,” ಎಂದರು. “ನೀವು ನಿಧಾನಕ್ಕೆ ಮಾಡೋರು ಅಂತ ಕೇಳಿದ್ದೆ.”

೩. ಕಣ್ಣು ಮುಚ್ಚಿದವರು

ತಿದ್ದುವುದು ಬೇಗವಾದರೂ ಆರಿಸುವುದು ಇತ್ತಲ್ಲ. ಅದಕ್ಕೂ ಸ್ನೇಹಿತ ದಾರಿ ತೋರಿಸಿದ. ಸಾವಿರ ಫೋಟೊ ಒಳಗೆ ಹಾಕಿದರೆ ತಾನೇ ನೋಡಿ ಒಳ್ಳೆಯದನ್ನು ಎತ್ತಿಕೊಡುವ ಸಾಫ್ಟ್‌ವೇರ್. ನಾನು ಕೈತೊಳೆದುಕೊಂಡು ಬರುವಷ್ಟರಲ್ಲಿ ಅದು ಆರಿಸಿ ಮುಗಿಸಿ ಕಾಯುತ್ತಿತ್ತು.

ಸಂಜೆ ಹೆಂಡತಿ ಕುರ್ಚಿ ಎಳೆದುಕೊಂಡು ಬಂದಾಗ ಪರದೆಯ ಮೇಲೆ ಏನೂ ಇರಲಿಲ್ಲ.

“ಶುರು ಮಾಡಿಲ್ವಾ?”

“ಮುಗೀತು. ಇನ್ನು ಇದೇ ಆರಿಸುತ್ತೆ.”

“ಹಾಗಾದ್ರೆ ನಾನು ಕೂರೋದು ಬೇಡ.”

“ನಿನಗೆ ಯಾಕೆ ಸುಮ್ಮನೆ ತೊಂದರೆ ಅಂತ.”

“ತೊಂದರೆ ಅಂತ ಯಾರು ಹೇಳಿದ್ರು,” ಎಂದಳು. ಕೇಳುವ ಧಾಟಿಯಲ್ಲಿ ಹೇಳಲಿಲ್ಲವಾದ್ದರಿಂದ ನಾನು ಉತ್ತರ ಕೊಡಲಿಲ್ಲ. ಕುರ್ಚಿಯನ್ನು ಎತ್ತಿಕೊಂಡು ಹೊರಗೆ ಹೋದಳು. ಎಳೆದುಕೊಂಡು ಹೋಗಿದ್ದರೆ ಸದ್ದಾದರೂ ಆಗುತ್ತಿತ್ತು.

ಆ ಸಾಫ್ಟ್‌ವೇರಿನಲ್ಲಿ ರಾಶಿ ಎರಡೇ. ಇರಲಿ, ಬೇಡ. ಆಮೇಲೆ ನೋಡೋಣ ಎನ್ನುವುದು ಅದಕ್ಕೆ ಗೊತ್ತಿಲ್ಲ. ನಮ್ಮ ಮಾತೆಲ್ಲ ಆ ಮೂರನೆಯ ರಾಶಿಯಲ್ಲೇ ಇತ್ತು ಎನ್ನುವುದು ನನಗೂ ಗೊತ್ತಿರಲಿಲ್ಲ.

ಮುಂದಿನ ಉತ್ಸವಕ್ಕೆ ಹಿರಿಯ ವಿದ್ವಾಂಸರೊಬ್ಬರು ಹಾಡಲು ಬಂದರು. ಅವರು ಕಣ್ಣು ಮುಚ್ಚಿ ಹಾಡುವವರು. ಶ್ರುತಿ ಹಿಡಿದು ಕಣ್ಣು ಮುಚ್ಚಿದರೆ ಮಂಗಳ ಹಾಡಿದ ಮೇಲೆಯೇ ತೆರೆಯುವುದು. ಮಧ್ಯೆ ತೆರೆದರೆ ಅದು ಸಂಗೀತಕ್ಕೆ ಸಂಬಂಧಪಡದ ಕಾರಣಕ್ಕೆ. ಸಾಫ್ಟ್‌ವೇರಿಗೆ ಇದನ್ನು ಯಾರೂ ಹೇಳಿರಲಿಲ್ಲ. ಕಣ್ಣು ಮುಚ್ಚಿದ್ದರೆ ಫೋಟೊ ಕೆಟ್ಟಿದೆ ಎನ್ನುವುದು ಅದರ ಶಾಸ್ತ್ರ.

ನಾನು ಅದು ಕೊಟ್ಟದ್ದನ್ನು ಹಾಗೇ ಕಳಿಸಿದೆ. ಮಾರನೆಯ ದಿನ ವಿದ್ವಾಂಸರನ್ನು ಬೀಳ್ಕೊಡಲು ಕಾರ್ಯದರ್ಶಿಯವರ ಮನೆಯಲ್ಲಿ ಸೇರಿದ್ದಾಗ ವಿದ್ವಾಂಸರು ಮೊಬೈಲಿನಲ್ಲಿ ಫೋಟೊಗಳನ್ನು ಒಂದೊಂದಾಗಿ ನೋಡುತ್ತಾ ಹೋದರು. ತಾವು ನೀರು ಕುಡಿಯುತ್ತಿರುವುದು. ಮೈಕಿನವನನ್ನು ದುರುಗುಟ್ಟಿ ನೋಡುತ್ತಿರುವುದು. ಗಡಿಯಾರ ನೋಡುತ್ತಿರುವುದು. ಮತ್ತೆ ನೀರು. ಶಾಲು ಹೊದಿಸಿಕೊಳ್ಳುತ್ತಿರುವುದು.

“ನಾನು ಹಾಡಿದೆ ಅಂತ ಒಂದು ನೆನಪು,” ಎಂದರು ಮೆಲ್ಲಗೆ. “ಇದರಲ್ಲಿ ನೋಡಿದ್ರೆ ಬಾಯಾರಿಕೆ ಆಗಿ ಬಂದವನ ಹಾಗಿದೀನಿ.”

ನನಗೆ ತಲೆ ಎತ್ತಲಾಗಲಿಲ್ಲ. ಕಾರ್ಯದರ್ಶಿ ಸಮಾಧಾನ ಮಾಡಲು ನೋಡಿದರು.

“ಒಂದು ಒಳ್ಳೇದಾಗಿದೆ ಸ್ವಾಮಿ. ಹಿಂದೆ ಕೂತಿರೋ ಜನಾನ ನೋಡಿ. ನಮ್ಮ ಉತ್ಸವದಲ್ಲಿ ಎಲ್ಲರೂ ಎಚ್ಚರ ಇರೋ ಫೋಟೊ ಇದೇ ಮೊದಲು.”

ವಿದ್ವಾಂಸರು ಇನ್ನೊಮ್ಮೆ ನೋಡಿದರು. “ಹೌದು,” ಎಂದರು. “ನಾನು ನಿಲ್ಲಿಸಿದಾಗ ಎಲ್ಲರೂ ಎದ್ದಿದ್ದಾರೆ.”

೪. ಉಳಿದ ಸಮಯ

ಅಷ್ಟೆಲ್ಲ ಆದರೂ ಸಮಯವಂತೂ ಉಳಿಯಿತು. ಉಳಿದ ಸಮಯದಲ್ಲಿ ಇಬ್ಬರೂ ಎಲ್ಲಾದರೂ ಹೋಗಿಬರಬಹುದು ಎನ್ನುವುದು ನನ್ನ ಲೆಕ್ಕಾಚಾರವಾಗಿತ್ತು. ಒಂದು ಭಾನುವಾರ ಸಂಜೆ ಕೇಳಿದೆ. “ಹೋಗೋಣವಾ?”

“ಎಲ್ಲಿಗೆ?”

ಅದನ್ನು ನಾನು ಯೋಚಿಸಿರಲಿಲ್ಲ. ಜಾಲಹಳ್ಳಿ ನಿಲ್ದಾಣಕ್ಕೆ ಹೋಗಿ ಮೆಟ್ರೊ ಹತ್ತಿದೆವು. ದಕ್ಷಿಣದ ಕೊನೆಯ ನಿಲ್ದಾಣದವರೆಗೆ ಹೋಗಿ ಅದೇ ದಾರಿಯಲ್ಲಿ ವಾಪಸು ಬರುವುದು ಎಂದಾಯಿತು. ಪೀಣ್ಯದ ಶೆಡ್ಡುಗಳ ತಗಡು ಮಾಡುಗಳು ಕೆಳಗೆ ಹಾದುಹೋದವು. ಅವಳು ಅವನ್ನು ನೋಡಿದಳು. ನಾನೂ ನೋಡಿದೆ. ಯಶವಂತಪುರ ಬಂತು. ಒಂದೆರಡು ಸಲ ಏನೋ ಹೇಳಬೇಕೆಂದು ಬಾಯಿ ತೆರೆದೆ. ಮುಂದಿನ ನಿಲ್ದಾಣ ಯಾವುದು ಎನ್ನುವುದನ್ನು ನನಗಿಂತ ಸ್ಪಷ್ಟವಾಗಿ ಮೈಕಿನಲ್ಲಿ ಹೇಳಿದರು.

ಕೊನೆಯ ನಿಲ್ದಾಣದಲ್ಲಿ ಇಳಿದು ಒಂದೊಂದು ಕಾಫಿ ಕುಡಿದು ಮತ್ತೆ ಹತ್ತಿದೆವು. ಬರುವಾಗ ರೈಲು ತುಂಬಿತ್ತು. ಎದುರಿನ ಸಾಲಿನಲ್ಲಿ ಕೂತವರನ್ನು ಅವಳು ಒಂದು ಕಡೆಯಿಂದ ನೋಡತೊಡಗಿದಳು. ಸ್ವಲ್ಪ ಹೊತ್ತಾದ ಮೇಲೆ ಅವಳ ತುಟಿ ಅಲುಗುವುದು ಕಂಡಿತು. ಕಿವಿಗೊಟ್ಟೆ.

“ಹೂ ಮುಡಿದಿರೋಳು, ಇರಲಿ,” ಎನ್ನುತ್ತಿದ್ದಳು. “ಬ್ಯಾಗು ತಬ್ಬಿಕೊಂಡಿರೋನು, ಬೇಡ. ಪಕ್ಕದ ಅಜ್ಜ ಇರಲಿ. ನಗು ಬಂದ್ರೂ ತಡ್ಕೊಂಡಿದಾರೆ ಪಾಪ.”

ನಾನೂ ಎದುರಿನ ಸಾಲು ನೋಡಿದೆ. “ಆ ಕೆಂಪು ಟೀ ಶರ್ಟಿನವನು?” ಎಂದು ಕೇಳಿದೆ.

ನಾನು ಕೇಳಿಸಿಕೊಂಡದ್ದು ಅವಳಿಗೆ ಗೊತ್ತಾಯಿತು. “ಅದಕ್ಕೆಲ್ಲ ಈಗ ಮಿಷನ್ ಇದೆಯಲ್ಲ,” ಎಂದು ಕಿಟಕಿಯ ಕಡೆ ನೋಡಿದಳು.

ಜಾಲಹಳ್ಳಿ ಹತ್ತಿರ ಬರುವಾಗ ಧೈರ್ಯ ಮಾಡಿ ಇನ್ನೊಂದು ಮಾತು ಕೇಳಿದೆ. “ನಾನು?”

ಅವಳು ನನ್ನ ಕಡೆ ತಿರುಗಿದಳು. ಕೂದಲು, ಕನ್ನಡಕ, ಬೆಳಿಗ್ಗೆ ಹಾಕಿಕೊಂಡಿದ್ದ ಅಂಗಿ ಎಲ್ಲವನ್ನೂ ನಿಧಾನವಾಗಿ ನೋಡಿದಳು. ನಿಲ್ದಾಣ ಬಂದು ಬಾಗಿಲು ತೆರೆಯಿತು.

“ಆಮೇಲೆ ನೋಡೋಣ,” ಎಂದು ಎದ್ದು ನಿಂತಳು.

೫. ಐದು ಲೀಟರ್

ಅಷ್ಟರಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯ ವಾರ್ಷಿಕೋತ್ಸವ ಬಂತು. ರಾಕ್ ಬ್ಯಾಂಡು, ಬಯಲಿನಲ್ಲಿ ವೇದಿಕೆ, ಹಿಂದೆ ಎರಡು ಅಂತಸ್ತಿನ ಮನೆಯಷ್ಟು ದೊಡ್ಡ ಪರದೆ. ಅಲ್ಲಿನ ಮೇಡಂ ಹೇಳಿದರು. “ನಮಗೆ ಆಮೇಲೆ ಕಳಿಸೋದೆಲ್ಲ ಬೇಡ ಸಾರ್. ನೀವು ಕ್ಲಿಕ್ ಮಾಡಿದ್ದು ಆಗಲೇ ಸ್ಕ್ರೀನ್ ಮೇಲೆ ಬರಬೇಕು.”

ಇದಕ್ಕಿಂತ ಬೇಗ ಇನ್ನಿಲ್ಲ. ಕ್ಯಾಮೆರಾದಿಂದ ಫೋಟೊ ಗಾಳಿಯಲ್ಲೇ ಕಂಪ್ಯೂಟರಿಗೆ ಹೋಗುತ್ತದೆ, ಕಂಪ್ಯೂಟರು ತಾನೇ ಅಂಚು ಕತ್ತರಿಸಿ, ಕಪ್ಪುಬಿಳುಪು ಮಾಡಿ, ಪರದೆಗೆ ಹತ್ತಿಸುತ್ತದೆ. ನಡುವೆ ಮನುಷ್ಯರು ಯಾರೂ ಇಲ್ಲ. ನಾನು ಎಲ್ಲವನ್ನೂ ಜೋಡಿಸಿ ಸ್ವಿಚ್ಚು ಹಾಕಿ ವೇದಿಕೆಯ ಮುಂದೆ ಹೋಗಿ ನಿಂತೆ.

ನಾನು ಮರೆತದ್ದು ಒಂದೇ. ಅಂದು ಬೆಳಿಗ್ಗೆ ಮನೆಯಲ್ಲಿ ಕುಕ್ಕರಿನ ಗ್ಯಾಸ್ಕೆಟ್ ಹರಿದಿತ್ತು. “ಹೇಗೂ ಹೆಬ್ಬಗೋಡಿ ಕಡೆಗೇ ಹೋಗ್ತೀರಲ್ಲ, ಅಲ್ಲಿ ಅಂಗಡಿ ಇವೆ, ತಗೊಂಡು ಬನ್ನಿ. ಹೋದ ಸಲದ ಹಾಗೆ ಬೇರೆ ಸೈಜ್ ತರಬೇಡಿ,” ಎಂದು ಹೆಂಡತಿ ಹೇಳಿದ್ದಳು. ಬಹಳ ದಿನಗಳ ಮೇಲೆ ಅವಳು ನನ್ನ ಹತ್ತಿರ ಆಡಿದ ಉದ್ದನೆಯ ಮಾತು ಅದು. ಆ ಸಂಭ್ರಮಕ್ಕೆ ಗ್ಯಾಸ್ಕೆಟ್ಟನ್ನು ಬಿಳಿ ಟವೆಲಿನ ಮೇಲಿಟ್ಟು, ಕಿಟಕಿಯ ಬೆಳಕಿಗೆ ಹೊಂದಿಸಿ, ಕೈಯಲ್ಲಿದ್ದ ಕ್ಯಾಮೆರಾದಲ್ಲೇ ಒಂದು ಫೋಟೊ ತೆಗೆದುಕೊಂಡಿದ್ದೆ. ಅದನ್ನು ಅಳಿಸಿರಲಿಲ್ಲ.

ಬ್ಯಾಂಡು ಮೊದಲ ಹಾಡು ಎತ್ತಿಕೊಂಡಿತು. ಪರದೆಯ ಮೇಲೆ ಗ್ಯಾಸ್ಕೆಟ್ ಎದ್ದು ನಿಂತಿತು. ಕಪ್ಪು ಬಳೆ, ಸುತ್ತ ಬಿಳಿ ಬೆಳಕು, ಕೆಳಗೊಂದು ಕಡೆ ಹರಿದ ಗಾಯ. ನಾನು ಕಂಪ್ಯೂಟರಿನ ಹತ್ತಿರ ಹೋಗಲು ಜನ ದಾರಿ ಬಿಡಲಿಲ್ಲ. ಎಲ್ಲರೂ ಕೈ ಮೇಲೆತ್ತಿ ಅದರ ಕಡೆಗೇ ತೂಗುತ್ತಿದ್ದರು. ಹಾಡು ಮುಗಿಯುವವರೆಗೂ ಅದು ಹಾಗೇ ಇತ್ತು. ದೊಡ್ಡ ಚಪ್ಪಾಳೆ ಬಿತ್ತು.

ಮನೆಯಲ್ಲಿ ಇದನ್ನು ಹೇಳಿದಾಗ ಹೆಂಡತಿ ನಗುತ್ತಾಳೆ ಎಂದುಕೊಂಡಿದ್ದೆ. “ಇದು ಬೇಡ ಅಂತ ಹೇಳೋರು ಅಲ್ಲಿ ಒಬ್ಬರೂ ಇರಲಿಲ್ವಾ?” ಎಂದು ಕೇಳಿದಳು. ಇರಲಿಲ್ಲ ಎಂದೆ. “ಗ್ಯಾಸ್ಕೆಟ್ ಎಲ್ಲಿ?” ಎಂದಳು. ಅದೂ ಇರಲಿಲ್ಲ.

ಬ್ಯಾಂಡಿನ ಗಿಟಾರಿನವನು ಬಂದು ಮಾತಾಡಿದ್ದನ್ನು ಮಾತ್ರ ಅವಳಿಗೆ ಹೇಳಲಿಲ್ಲ. ಅವನು ವೇದಿಕೆಯಿಂದ ಇಳಿದು ನೇರ ನನ್ನ ಹತ್ತಿರ ಬಂದು ಕೈ ಹಿಡಿದುಕೊಂಡಿದ್ದ.

“ಸಾರ್, ಆ ರಿಂಗ್ ಇತ್ತಲ್ಲ, ಸಕ್ಕತ್ತಾಗಿತ್ತು. ಆ ಕ್ರ್ಯಾಕು, ಆ ಖಾಲಿತನ. ನಮ್ಮ ಹಾಡಲ್ಲಿ ಇರೋದೇ ಅದು. ಅದು ಏನು ಸಾರ್ ನಿಜವಾಗ್ಲೂ?”

“ಐದು ಲೀಟರಿಂದು,” ಎಂದೆ.

ಅವನು ಕಣ್ಣು ಮುಚ್ಚಿ ಬಹಳ ಹೊತ್ತು ತಲೆಯಾಡಿಸಿದ.

೬. ತಪಾಸಣೆ

ಈ ವರ್ಷದ ರಾಮನವಮಿಯಲ್ಲಿ ನಾನು ಗೆದ್ದೆ. ಕೊನೆಯ ದಿನದ ಕಚೇರಿ ಮುಗಿದು, ಜನ ಕೋಸಂಬರಿಗೆ ಸಾಲು ನಿಂತಿದ್ದಾಗಲೇ ಕಾರ್ಯದರ್ಶಿಯವರ ಮೊಬೈಲಿಗೆ ಫೋಟೊಗಳು ಹೋಗಿದ್ದವು. ಅವರು ದೊನ್ನೆ ಹಿಡಿದ ಕೈಯಲ್ಲೇ ನನಗೆ ನಮಸ್ಕಾರ ಮಾಡಿದರು. ಮನೆಗೆ ಬಂದೆ. ಮಾಡಲು ಕೆಲಸವಿರಲಿಲ್ಲ. ಹೆಂಡತಿ ಒಳಗೆ ಮೊಬೈಲು ನೋಡುತ್ತಿದ್ದಳು. ಈಚೆಗೆ ಅವಳಿಗೆ ಆ ಅಭ್ಯಾಸ ಹತ್ತಿದೆ ಎಂದುಕೊಂಡು ಸುಮ್ಮನೆ ಮಲಗಿದೆ.

ಮಾರನೆಯ ಬೆಳಿಗ್ಗೆ ತಿಂಡಿಗೆ ಮೊದಲೇ ಅರ್ಧಕ್ಕರ್ಧ ಫೋಟೊಗಳು ವಾಪಸು ಬಂದವು. ಒಂದೊಂದರ ಮೇಲೂ ಕೆಂಪು ಬಣ್ಣದ ದೊಡ್ಡ ಗುಣಾಕಾರದ ಗುರುತು. ಫೋನು ಮಾಡಿದೆ.

“ಸಬ್ ಕಮಿಟಿ ತಿರಸ್ಕರಿಸಿದೆ ಸಾರ್,” ಎಂದರು ಕಾರ್ಯದರ್ಶಿ.

“ಯಾವ ಸಬ್ ಕಮಿಟಿ?”

“ಫೋಟೊ ತಪಾಸಣೆ ಸಬ್ ಕಮಿಟಿ. ವಿದ್ವಾಂಸರು ನೀರು ಕುಡಿದ ಮೇಲೆ ಮಾಡಿದ್ದು.”

“ಯಾರ್ಯಾರು ಇದ್ದಾರೆ?”

“ಒಬ್ಬರೇ. ಹೆಸರು ಹೇಳೋ ಹಾಗಿಲ್ಲ. ಫ್ಯಾಕ್ಟರೀಲೂ ಅದೇ ಪದ್ಧತಿ. ಪೀಸು ಮಾಡಿದವನಿಗೆ ಅದನ್ನ ಪರೀಕ್ಷೆ ಮಾಡಿದ ಇನ್ಸ್‌ಪೆಕ್ಟರ್ ಯಾರು ಅಂತ ಗೊತ್ತಾಗಬಾರದು. ಗೊತ್ತಾದ್ರೆ ಕ್ಯಾಂಟೀನಿಗೆ ಕರ್ಕೊಂಡು ಹೋಗಿ ಕಾಫಿ ಕುಡಿಸ್ತಾನೆ. ಕೆಲಸ ಕೆಟ್ಟುಹೋಗುತ್ತೆ.”

ನನಗೆ ಸಿಟ್ಟು ಬರುವುದು ಅಪರೂಪ. ಆದರೆ ತಿರಸ್ಕಾರವಾದವುಗಳಲ್ಲಿ ಒಂದು ಪಿಟೀಲಿನವರದಿತ್ತು. ಕಮಾನು ಗಾಳಿಯಲ್ಲಿ, ಬೆರಳು ತಂತಿಯ ಮೇಲೆ, ಹಿಂದೆ ದೀಪ. ನಾನು ತೆಗೆದದ್ದರಲ್ಲೇ ಒಳ್ಳೆಯದು. “ಅದಕ್ಕೆ ಏನು ಕಾರಣ ಅಂತ ಕೇಳಿ ಹೇಳಬೇಕು,” ಎಂದೆ.

“ನಾನು ಮಧ್ಯೆ ಬಂದು ತಪ್ಪು ಹೇಳೋದು ಬೇಡ. ಕಾನ್ಫರೆನ್ಸ್ ಹಾಕ್ತೀನಿ, ನೀವೇ ಕೇಳಿಸ್ಕೊಳ್ಳಿ. ಏನಿದ್ರೂ ನನ್ನ ಮೂಲಕ ಕೇಳಬೇಕು. ಹೆಸರು ಮಾತ್ರ ಕೇಳಬಾರದು.”

ಫೋನಿನಲ್ಲಿ ಗಂಟೆ ಬಾರಿಸಿತು. ನಮ್ಮ ಅಡುಗೆಮನೆಯಲ್ಲೂ ಒಂದು ಮೊಬೈಲು ಹೊಡೆದುಕೊಂಡಿತು.

“ಹಲೋ,” ಎಂಬ ದನಿ ನನ್ನ ಎಡಗಿವಿಗೆ ಅಡುಗೆಮನೆಯ ಬಾಗಿಲಿನಿಂದ ಬಂತು. ಅದೇ “ಹಲೋ” ಸ್ವಲ್ಪ ತಡವಾಗಿ ಬಲಗಿವಿಗೆ ಫೋನಿನಿಂದ ಬಂತು.

“ಮೇಡಂ, ಫೋಟೋಗ್ರಾಫರಿಗೆ ಒಂದು ಆಕ್ಷೇಪಣೆ ಇದೆ, ಲೈನಲ್ಲೇ ಇದ್ದಾರೆ,” ಎಂದರು ಕಾರ್ಯದರ್ಶಿ. ಆಕೆ ನನ್ನ ಹೆಂಡತಿ ಎಂಬುದು ಅವರಿಗೆ ಗೊತ್ತಿಲ್ಲದೆ ಏನಿಲ್ಲ. ಆದರೆ ಅವರ ಪದ್ಧತಿಯಲ್ಲಿ ಇನ್ಸ್‌ಪೆಕ್ಟರಿಗೆ ಮನೆ, ಗಂಡ, ಒಲೆ ಇವೆಲ್ಲ ಇರುವುದಿಲ್ಲ.

ಒಗ್ಗರಣೆಯ ಸಾಸಿವೆ ನನ್ನ ಎರಡೂ ಕಿವಿಯಲ್ಲಿ ಸಿಡಿಯಿತು. ನಾನು ಎದ್ದು ಅಡುಗೆಮನೆಗೆ ಹೋಗಬಹುದಿತ್ತು. ಯಾಕೋ ಹೋಗಲಿಲ್ಲ. ಅವಳೂ ಹೊರಗೆ ಬರಲಿಲ್ಲ.

“ಯಾವ ಫೋಟೊ ಅಂತೆ?” ಎಂದು ಕೇಳಿದಳು.

“ಪಿಟೀಲಿಂದು ಅಂತೆ ಮೇಡಂ.”

“ಫೋಟೊ ಬಹಳ ಚೆನ್ನಾಗಿದೆ ಅಂತ ಹೇಳಿ. ಆದ್ರೆ ಅವರಿಗೆ ಅವತ್ತು ಜ್ವರ ಇತ್ತು. ಕೈ ನೋಡಿದ್ರೆ ಗೊತ್ತಾಗಲ್ಲ, ಮುಖ ನೋಡಿದ್ರೆ ಗೊತ್ತಾಗುತ್ತೆ. ಜ್ವರದಲ್ಲಿ ಬಂದು ನುಡಿಸಿದವರಿಗೆ ಆ ಮುಖಾನೇ ಕೊಡಬಾರದು. ಕೊನೆಗೆ ಮೃದಂಗದವರು ಏನೋ ಹೇಳಿದಾಗ ಅವರು ಒಂದು ಸಲ ನಕ್ಕರು. ಅದನ್ನ ಫೋಟೋಗ್ರಾಫರ್ ತೆಗೆದೇ ಇರ್ತಾರೆ. ಅವರು ಅಂಥದ್ದನ್ನ ಬಿಡೋರಲ್ಲ. ಮಿಷನ್ ಬಿಸಾಕಿರುತ್ತೆ. ಹುಡುಕೋಕೆ ಹೇಳಿ.”

ಕಾರ್ಯದರ್ಶಿ ಅಷ್ಟನ್ನೂ ನನಗೆ ಮತ್ತೊಮ್ಮೆ ಹೇಳುತ್ತಿದ್ದಂತೆ ನಾನು ಕಂಪ್ಯೂಟರಿನಲ್ಲಿ ಬೇಡವಾದವುಗಳನ್ನು ತೆರೆದು ನೋಡಿದೆ. ಇತ್ತು. ಕಣ್ಣು ಮುಚ್ಚಿ, ಹಲ್ಲು ಬಿಟ್ಟು, ಕಮಾನು ತೊಡೆಯ ಮೇಲಿಟ್ಟು ನಗುತ್ತಿದ್ದರು. ಫೋಟೊ ಸ್ವಲ್ಪ ಅಲುಗಿತ್ತು.

“ಸಿಕ್ಕಿತು ಅಂತ ಹೇಳಿ,” ಎಂದೆ.

“ಮೇಡಂ, ಸಿಕ್ಕಿತಂತೆ. ಹಾಗಾದ್ರೆ ಫೋನ್ ಇಡ್ಲಾ ಸಾರ್?”

“ಇರಿ. ಮಿಷನ್ ಬೇಡ ಅಂದಿದ್ದು ಇನ್ನೂ ಸಾವಿರದ ಮೇಲಿದೆ.” ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. “ಸಬ್ ಕಮಿಟಿಯವರು ಬಂದು ನನ್ನ ಪಕ್ಕದಲ್ಲಿ ಕೂತು ನೋಡಿದ್ರೆ ಬೇಗ ಆಗುತ್ತೆ ಅಂತ ಹೇಳಿ.”

“ಹಾಗೆಲ್ಲ ಪೀಸು ಮಾಡಿದವರೂ ಇನ್ಸ್‌ಪೆಕ್ಟರೂ ಒಂದೇ ಕಡೆ ಕೂರೋ ಹಾಗಿಲ್ಲ ಸಾರ್.”

“ಕೇಳಿ ನೋಡಿ.”

ಅವರು ಇಷ್ಟವಿಲ್ಲದೆಯೇ ಕೇಳಿದರು. ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

“ಬೇಗ ಆಗೋ ಹಾಗಿದ್ರೆ ನಾನು ಬರಲ್ಲ ಅಂತ ಹೇಳಿ.”

“ಸಾರ್, ಬೇಗ ಆಗೋ ಹಾಗಿದ್ರೆ ಅವರು ಬರಲ್ವಂತೆ.”

“ತಡ ಆಗುತ್ತೆ ಅಂತ ಹೇಳಿ. ಬಹಳ ತಡ ಆಗುತ್ತೆ.”

“ಮೇಡಂ, ಬಹಳ ತಡ ಆಗುತ್ತಂತೆ,” ಎಂದು ಮುಟ್ಟಿಸಿದ ಮೇಲೆ ಕಾರ್ಯದರ್ಶಿಗೆ ತಾವು ಮುಟ್ಟಿಸಿದ್ದು ಏನು ಎಂದು ಹೊಳೆಯಿತು. “ಎಷ್ಟು ತಡ ಸಾರ್? ನಾನು ಎಲ್ಲರಿಗೂ ಇವತ್ತೇ ಅಂತ ಹೇಳ್ಬಿಟ್ಟಿದೀನಿ.”

ಒಲೆ ಆರಿಸಿದ ಟಕ್ ಎಂಬ ಸದ್ದು ಎರಡು ಕಿವಿಗೂ ಬಂತು. ಆಮೇಲೆ ಬಲಗಿವಿಯಲ್ಲಿ ಏನೂ ಇರಲಿಲ್ಲ. ಎಡಗಿವಿಯಲ್ಲಿ ಕುರ್ಚಿ ಎಳೆಯುವ ಸದ್ದು.

“ಮೇಡಂ ಲೈನ್ ಕಟ್ ಆಯ್ತು ಸಾರ್. ತಾಳಿ, ಇನ್ನೊಂದು ಸಲ ಹಿಡೀತೀನಿ.”

“ಬೇಡ ಸಾರ್,” ಎಂದೆ. “ಅವರು ಬಂದ್ಬಿಟ್ರು.”

“ಅಷ್ಟು ಬೇಗನಾ?” ಎಂದರು ಕಾರ್ಯದರ್ಶಿ.